ಪಿಕ್ಸೆಲ್‌ಗೊಂದು ಟ್ರಾನ್ಸಿಸ್ಟರ್ ಬೇಕೇ ಬೇಕಾ?

ಎಲ್‌ಸಿಡಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಟ್ರಾನ್ಸಿಸ್ಟರ್ ಯಾಕೆ, ಅದಕ್ಕಿಂತ ಅಗ್ಗದ್ದು ಏನೂ ಇಲ್ವಾ ಅಂತ ಕೇಳಿದ್ದೀರಿ. ಇದೆ. ಆದರೆ ದೊಡ್ಡ ಪರದೆಯಲ್ಲಿ ಯಾವುದೂ ನಿಲ್ಲಲಿಲ್ಲ.

ನಾನಿರುವುದು ಮುಂಬೈಯಲ್ಲಿ, ಸಣ್ಣಪುಟ್ಟ ಕಂಟ್ರೋಲರ್ ಬೋರ್ಡ್ ಮಾಡುವ ಕೆಲಸ. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸಿಗುವ ಹಸಿರು 16x2 ಡಿಸ್‌ಪ್ಲೇ (ಸಾಲಿಗೆ 16 ಅಕ್ಷರದಂತೆ ಎರಡು ಸಾಲು) ನೋಡಿರುತ್ತೀರಿ ಅಲ್ವಾ? ಅದರ ಗಾಜಿನ ಮೇಲೆ ಒಂದೂ ಟ್ರಾನ್ಸಿಸ್ಟರ್ ಇಲ್ಲ. ಒಂದು ಗಾಜಿನಲ್ಲಿ ಅಡ್ಡ ಗೆರೆ, ಇನ್ನೊಂದರಲ್ಲಿ ಉದ್ದ ಗೆರೆ, ನಡುವೆ ಲಿಕ್ವಿಡ್ ಕ್ರಿಸ್ಟಲ್, ಅಷ್ಟೇ. ಕಾಂಟ್ರಾಸ್ಟ್ ಹೊಂದಿಸುವ ಪುಟ್ಟ ತಿರುಪು (ಪ್ರಿಸೆಟ್) ಸ್ವಲ್ಪ ಜಾಸ್ತಿ ತಿರುಗಿಸಿ ನೋಡಿ, ಅಕ್ಷರ ಇಲ್ಲದ ಕಡೆಯೂ ಮಸುಕು ಚೌಕಗಳು ಎದ್ದು ಬರುತ್ತವೆ. ಆಫ್ ಇರಬೇಕಾದ ಚುಕ್ಕೆಗೂ ಒಂದಿಷ್ಟು ವೋಲ್ಟೇಜ್ ಹೋಗುತ್ತಲೇ ಇರುತ್ತದೆ, ಅದಕ್ಕೆ.

ಐಬಿಎಂನ ಆಲ್ಟ್ ಮತ್ತು ಪ್ಲೆಶ್ಕೊ 1974ರಲ್ಲೇ ಇದರ ಲೆಕ್ಕ ಹಾಕಿದ್ದರು. ಚುಕ್ಕೆಗಳ 16 ಸಾಲಿದ್ದರೆ ಆನ್ ಚುಕ್ಕೆಗೆ ಆಫ್ ಚುಕ್ಕೆಗಿಂತ ಹೆಚ್ಚೆಂದರೆ ಶೇ. 29 ಜಾಸ್ತಿ ವೋಲ್ಟೇಜ್ ಕೊಡಬಹುದು. 240 ಸಾಲಾದರೆ ಬರೀ ಶೇ. 7. ಅಷ್ಟರಲ್ಲಿ ಕಪ್ಪು ಬಿಳುಪು ಬೇರೆ ಮಾಡುವುದು ಹೇಗೆ? ಎಸ್‌ಟಿಎನ್ ಅನ್ನುವ, ಅಣುಗಳನ್ನು ಹೆಚ್ಚು ತಿರುಚಿದ ಎಲ್‌ಸಿಡಿ ಬಂದದ್ದು ಇದಕ್ಕೇ. ಅಣುಗಳ ತಿರುವನ್ನು 90 ಡಿಗ್ರಿಯಿಂದ 180–270ಕ್ಕೆ ಏರಿಸಿದರೆ ಸಣ್ಣ ವ್ಯತ್ಯಾಸಕ್ಕೂ ಚುಕ್ಕೆ ಪೂರ್ತಿ ಬದಲಾಗುತ್ತದೆ. ಆದರೆ ನಿಧಾನ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಮೌಸ್ ಬಾಣ ಓಡಿಸಿದರೆ ಮಾಯವೇ ಆಗುತ್ತಿತ್ತು. ಅಂದಹಾಗೆ, ಹಲವು ಸಾಲುಗಳನ್ನು ಒಟ್ಟಿಗೆ ನಡೆಸುವ ವಿಧಾನದ ಮೇಲೆ 1980ರ ದಶಕದಲ್ಲಿ ಗಟ್ಟಿ ಕೆಲಸ ಮಾಡಿದವರಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಟಿ.ಎನ್. ರುಕ್ಮಾಂಗದನ್ ಇದ್ದಾರೆ. ಅದರಿಂದ ಡ್ರೈವರ್‌ಗೆ (ಗೆರೆಗಳಿಗೆ ವೋಲ್ಟೇಜ್ ಕೊಡುವ ಚಿಪ್‌ಗೆ) ಬೇಕಾದ ವೋಲ್ಟೇಜ್ ಇಳಿಯಿತು. ಮೇಲಿನ ಶೇಕಡಾ ಲೆಕ್ಕ ಮಾತ್ರ ಹಾಗೇ ಉಳಿಯಿತು.

ಟ್ರಾನ್ಸಿಸ್ಟರ್ ಇದ್ದರೆ ಅದು ಪ್ರತಿ ಚುಕ್ಕೆಗೂ ಸ್ವಿಚ್ ಆಗಿ, ಆ ಸಾಲಿನ ಸರದಿ ಬಂದಾಗ ಮಾತ್ರ ವೋಲ್ಟೇಜ್ ಬಿಡುತ್ತದೆ. ಈ ಕೆಲಸದಲ್ಲಿ ಅದಕ್ಕೆ ನಿಜವಾಗಿ ಎದುರು ನಿಂತದ್ದು ಡಯೋಡ್. ಟ್ಯಾಂಟಲಮ್ ಪದರ ಹಾಕಿ, ಅದರ ಮೇಲ್ಮೈಯನ್ನೇ ತೆಳುವಾಗಿ ಆಕ್ಸೈಡ್ ಮಾಡಿ, ಮೇಲೆ ಇನ್ನೊಂದು ಲೋಹ ಕೂರಿಸಿದರೆ ಎಂಐಎಂ (ಲೋಹ-ನಿರೋಧಕ-ಲೋಹ) ಡಯೋಡ್ ತಯಾರು. ವೋಲ್ಟೇಜ್ ಕಡಿಮೆ ಇದ್ದಾಗ ಕರೆಂಟ್ ಹೆಚ್ಚುಕಮ್ಮಿ ಬಿಡುವುದೇ ಇಲ್ಲ, ಒಂದು ಮಟ್ಟ ದಾಟಿದ ಮೇಲೆ ಬಿಡುತ್ತದೆ. ಸಂಪರ್ಕಕ್ಕೆ ಎರಡೇ ತುದಿ. ಗಾಜಿನ ಮೇಲೆ ಪದರಗಳ ಆಕಾರ ಮೂಡಿಸುವ ಅಚ್ಚು, ಅಂದರೆ ಫೋಟೋಮಾಸ್ಕ್, ಎರಡು ಮೂರು ಸಾಕು. ಅಡ್ಡ ಉದ್ದ ಗೆರೆಗಳು ಬೇರೆ ಬೇರೆ ಗಾಜಿನ ಮೇಲಿರುವುದರಿಂದ ಒಂದರ ಮೇಲೊಂದು ಹಾದು ಶಾರ್ಟ್ ಆಗುವ ತಲೆನೋವೂ ಇಲ್ಲ. ಸೈಕೊ ಎಪ್ಸನ್ ಇದನ್ನು ಪಾಕೆಟ್ ಟಿವಿ, ಮೊಬೈಲ್ ಪರದೆಗಳಿಗೆ ಬಳಸಿತ್ತು. ತೊಂದರೆ ಎಲ್ಲಿ ಅಂದರೆ, ಆಕ್ಸೈಡ್ ದಪ್ಪ ಎಲ್ಲ ಕಡೆ ಒಂದೇ ಥರ ಇರಬೇಕು. ಕೊಂಚ ಏರುಪೇರಾದರೂ ಬೂದು ಬಣ್ಣದಲ್ಲಿ ಕಲೆ ಕಾಣುತ್ತದೆ. ಬಿಸಿ ಏರಿದರೂ ಅದರ ನಡತೆ ಬದಲಾಗುತ್ತದೆ. ಪರದೆ ದೊಡ್ಡದಾದಷ್ಟೂ ಈ ಕಾಟ ಜಾಸ್ತಿ.

ಪ್ಲಾಸ್ಮಾ (ವಿದ್ಯುತ್ ಹರಿಯುವ ಅನಿಲ) ತುಂಬಿದ ಕಾಲುವೆಗಳನ್ನೇ ಸ್ವಿಚ್ ಮಾಡಿಕೊಂಡ ಪ್ರಯೋಗವೂ ನಡೆದಿತ್ತು, ಟೆಕ್‌ಟ್ರಾನಿಕ್ಸ್ ಮತ್ತು ಸೋನಿಯದು. ಅದೂ ನಿಲ್ಲಲಿಲ್ಲ.

ಇನ್ನು ಖರ್ಚಿನ ಮಾತು. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 62 ಲಕ್ಷ ಟ್ರಾನ್ಸಿಸ್ಟರ್ ಇವೆ, ನಿಜ. ಆದರೆ ಅವನ್ನು ಯಾರೂ ಬಿಡಿಬಿಡಿಯಾಗಿ ಕೂರಿಸುವುದಿಲ್ಲ, ಇಡೀ ಗಾಜಿನ ಮೇಲೆ ಒಟ್ಟಿಗೇ ಮೂಡುತ್ತವೆ. ಖರ್ಚು ಬೀಳುವುದು ಮಾಸ್ಕ್ ಎಷ್ಟು ಸಲ ಇಡಬೇಕು, ಎಷ್ಟು ಗಾಜು ಹಾಳಾಗುತ್ತದೆ ಅನ್ನುವುದರ ಮೇಲೆ. ಟಿಎಫ್‌ಟಿ, ಅಂದರೆ ಚುಕ್ಕೆಗೊಂದು ಟ್ರಾನ್ಸಿಸ್ಟರ್ ಇರುವ ಪರದೆ ಮಾಡುವವರು ನಾಲ್ಕೈದು ಮಾಸ್ಕ್‌ಗೆ ಇಳಿದು, ದೊಡ್ಡ ಗಾಜಿನಲ್ಲಿ ಒಟ್ಟಿಗೆ ಹತ್ತಾರು ಪರದೆ ತೆಗೆಯತೊಡಗಿದ ಮೇಲೆ ಡಯೋಡ್ ಉಳಿಸುತ್ತಿದ್ದ ಕಾಸಿಗೆ ಅರ್ಥ ಉಳಿಯಲಿಲ್ಲ.

ನೀವು ಮೀಟರೋ ಟೈಮರೋ ಮಾಡುತ್ತಿದ್ದರೆ ಟ್ರಾನ್ಸಿಸ್ಟರ್ ಇಲ್ಲದ ಡಿಸ್‌ಪ್ಲೇಯನ್ನೇ ತಗೊಳ್ಳಿ, ಬಿಸಿಲಲ್ಲೂ ಕಾಣುತ್ತದೆ, ಬ್ಯಾಟರಿಯೂ ಬಾಳುತ್ತದೆ. ವಿಡಿಯೋ ಬೇಕಿದ್ದರೆ ಸುಮ್ನೆ ಟಿಎಫ್‌ಟಿ ಕೊಳ್ಳಿ.