ಕೆ.ಟಿ. ಶಾ ಅವರ ತಿದ್ದುಪಡಿಗಳೆಲ್ಲಾ ಬಿದ್ದೋದ್ವು, ಹಾಗಾದ್ರೆ ಅವರು ಮಾಡಿದ್ದೇನು?

ನಿಮ್ಮ ಪ್ರಶ್ನೆ ಇದು: ಸಂವಿಧಾನ ಸಭೇಲಿ ಪ್ರೊ. ಕೆ.ಟಿ. ಶಾ ರಾಶಿ ರಾಶಿ ತಿದ್ದುಪಡಿ ಕೊಟ್ರು, ಹೆಚ್ಚುಕಮ್ಮಿ ಎಲ್ಲಾ ಬಿದ್ದೋದ್ವು, ಅಂಥವರ ಕೊಡುಗೆ ಅಂತ ಎಕ್ಸಾಮಲ್ಲಿ ಏನು ಬರೀಬೇಕು? ನಾನು ಕೆಎಎಸ್ ಓದೋ ಹುಡುಗ್ರಿಗೆ ಪಾಲಿಟಿ ಹೇಳ್ಕೊಡೋನು, ಗೈಡುಗಳಲ್ಲಿ ಶಾ ಬಗ್ಗೆ ಇರೋದು ಒಂದೇ ಸಾಲು. 'ಸೆಕ್ಯುಲರ್, ಫೆಡರಲ್, ಸೋಷಿಯಲಿಸ್ಟ್ ಅಂತ ಸೇರಿಸಿ ಅಂತ 1948ರ ನವೆಂಬರಲ್ಲಿ ಕೇಳಿದ್ರು, ಸಭೆ ಒಪ್ಪಲಿಲ್ಲ.' ಅಷ್ಟೇ. ಅದನ್ನ ಓದಿ ಅವರನ್ನ ಅಳೀಬೇಡಿ ದಯವಿಟ್ಟು.

ಮೊದ್ಲು ಅವರು ಯಾರು ಅಂತ ಗೊತ್ತಿರ್ಲಿ. ಕಛ್ ಕಡೆಯವರು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಲ್ಲಿ ಓದಿದವರು, ಬಾಂಬೆ ಯೂನಿವರ್ಸಿಟೀಲಿ ಅರ್ಥಶಾಸ್ತ್ರದ ಮೇಷ್ಟ್ರು, 1938ರಲ್ಲಿ ಸುಭಾಷ್ ಬೋಸ್ ಮಾಡಿದ ರಾಷ್ಟ್ರೀಯ ಯೋಜನಾ ಸಮಿತಿಗೆ ಸೆಕ್ರೆಟರಿ, ಸಂವಿಧಾನ ಸಭೆಗೆ ಬಂದಿದ್ದು ಬಿಹಾರದಿಂದ. 1952ರಲ್ಲಿ ರಾಜೇಂದ್ರ ಪ್ರಸಾದ್ ಎದುರು ರಾಷ್ಟ್ರಪತಿ ಚುನಾವಣೆಗೂ ನಿಂತು ಸೋತರು, ಮುಂದಿನ ವರ್ಷ ತೀರ್ಕೊಂಡ್ರು.

ಈಗ ನೇಮಕಾತಿ ವಿಷಯಕ್ಕೆ ಬರೋಣ, ಯಾಕಂದ್ರೆ ಶಾ ಅತಿ ಹೆಚ್ಚು ತಲೆ ಕೆಡಿಸ್ಕೊಂಡಿದ್ದು ಇದರ ಮೇಲೇನೇ ಅಂತ ನನ್ನ ಲೆಕ್ಕ. ಸುಪ್ರೀಂ ಕೋರ್ಟ್ ಜಡ್ಜ್‌ಗಳನ್ನ ನೇಮಿಸೋ ಮುಂಚೆ ರಾಷ್ಟ್ರಪತಿ ಮೇಲ್ಮನೆ ಜೊತೆನೂ ಸಮಾಲೋಚನೆ ಮಾಡ್ಬೇಕು ಅಂದ್ರು. 1949ರ ಮೇ 24ಕ್ಕೆ ಅಂಬೇಡ್ಕರ್ ಎದ್ದು ಇದಕ್ಕೂ, ಮುಖ್ಯ ನ್ಯಾಯಮೂರ್ತಿಗಳ ಒಪ್ಪಿಗೆ ಬೇಕೇ ಬೇಕು ಅಂದವರ ತಿದ್ದುಪಡಿಗೂ ಒಟ್ಟಿಗೆ ಉತ್ತರ ಕೊಟ್ರು: ಪೂರ್ತಿ ಸರ್ಕಾರದ ಕೈಗೆ ಕೊಟ್ರೆ ಅಪಾಯ, ಶಾಸಕಾಂಗದ ಕೈಗೆ ಹೋದ್ರೆ ರಾಜಕೀಯ ಒತ್ತಡ ನುಗ್ಗುತ್ತೆ, ಮುಖ್ಯ ನ್ಯಾಯಮೂರ್ತಿಗೆ ವೀಟೋ ಕೊಡಕ್ಕೂ ಆಗಲ್ಲ, ಅವರೂ ಮನುಷ್ಯರೇ. ಶಾ ಅವರ ಈ ಒಂದು ಸಲಹೆ ಬಿದ್ದಿದ್ದು ಒಳ್ಳೇದೇ ಆಯ್ತು ಅಂತ ನಂಗನ್ಸುತ್ತೆ, ಅಂಬೇಡ್ಕರ್ ಹೇಳಿದ್ದು ಸರಿ ಇತ್ತು. ಆದ್ರೆ ನೋಡಿ, ಆವತ್ತಿನ ಆ ಉತ್ತರಾನೇ ನೇಮಕಾತೀಲಿ ಹಿರಿಯ ಜಡ್ಜ್‌ಗಳ ಮಾತೇ ನಡೀಬೇಕು ಅಂದ 1993ರ ಕೊಲಿಜಿಯಂ ತೀರ್ಪಿನಿಂದ, ಅದರ ಬದಲಿಗೆ ತಂದ ನೇಮಕಾತಿ ಆಯೋಗಾನ ರದ್ದು ಮಾಡಿದ 2015ರ ಎನ್‌ಜೆಎಸಿ ತೀರ್ಪಿನ ತನಕ ಎರಡೂ ಕಡೆಯ ವಕೀಲರು ಹಿಡ್ಕೊಂಡು ವಾದ ಮಾಡಿದ್ದು. ಸದನದಲ್ಲಿ ಯಾರೂ ಎದ್ದು ತಿದ್ದುಪಡಿ ಮಂಡಿಸದೇ ಇದ್ದಿದ್ರೆ ಕಾರಣ ಹೇಳೋ ಪ್ರಮೇಯವೇ ಇರ್ತಿರ್ಲಿಲ್ಲ, ಕಲಂ ಹಾಗೇ ಪಾಸಾಗಿ ಹೋಗಿರೋದು.

ಇನ್ನೊಂದು ಇದಕ್ಕಿಂತ ದೊಡ್ಡದು. ಒಂದ್ಸಲ ಹೈಕೋರ್ಟ್, ಸುಪ್ರೀಂ ಕೋರ್ಟ್ ಜಡ್ಜ್ ಆದವರು ಆಮೇಲೆ ಸರ್ಕಾರದ ಯಾವ ಹುದ್ದೆಗೂ ಹೋಗಬಾರದು ಅಂತ ಶಾ ತಿದ್ದುಪಡಿ ತಂದ್ರು. ಅಂಬೇಡ್ಕರ್ ಒಪ್ಪಲಿಲ್ಲ. ಕೋರ್ಟಿಗೆ ಬರೋದು ಬಹುಪಾಲು ಜನಜನರ ನಡುವಿನ ಕೇಸು, ಸರ್ಕಾರಕ್ಕೆ ಅದರಲ್ಲಿ ಆಸಕ್ತಿ ಇರೋದು ಕಮ್ಮಿ, ಹಾಗಾಗಿ ಜಡ್ಜ್ ಮೇಲೆ ಪ್ರಭಾವ ಬೀರೋ ಸಂದರ್ಭ ಬರೋದೂ ಕಮ್ಮಿ ಅನ್ನೋದು ಅವರ ತರ್ಕ. ಇಲ್ಲಿ ಮಾತ್ರ ನಾನು ಶಾ ಕಡೆ. ಇವತ್ತು ಕೋರ್ಟುಗಳಲ್ಲಿ ಎಲ್ಲರಿಗಿಂತ ಜಾಸ್ತಿ ಕೇಸಿರೋ ಪಾರ್ಟಿನೇ ಸರ್ಕಾರ. ಅದೇ ಸಂವಿಧಾನ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ನಿವೃತ್ತಿ ಆದ್ಮೇಲೆ ಸರ್ಕಾರದ ಬೇರೆ ಹುದ್ದೆ ತಗೋಬಾರದು ಅಂತ 148ನೇ ವಿಧೀಲಿ ಹೇಳುತ್ತೆ, ಯುಪಿಎಸ್‌ಸಿ ಅಧ್ಯಕ್ಷರಿಗೂ 319ರಲ್ಲಿ ಅದೇ ಬೇಲಿ ಹಾಕುತ್ತೆ, ಜಡ್ಜ್‌ಗಳಿಗೆ ಇರೋದು ಬರೀ ವಕಾಲತ್ತು ಮಾಡಬಾರದು ಅನ್ನೋ ನಿಯಮ. ಹಾಗಾಗೇ 1952ರಲ್ಲೇ ಸುಪ್ರೀಂ ಕೋರ್ಟಿನಲ್ಲಿದ್ದ ಫಜಲ್ ಅಲಿ ಒಡಿಶಾ ರಾಜ್ಯಪಾಲರಾದ್ರು, 2023ರಲ್ಲಿ ನಮ್ಮ ದಕ್ಷಿಣ ಕನ್ನಡದ ಅಬ್ದುಲ್ ನಜೀರ್ ಅವರು ಜನವರಿಲಿ ನಿವೃತ್ತಿಯಾಗಿ ಫೆಬ್ರವರಿಲಿ ಆಂಧ್ರದ ರಾಜ್ಯಪಾಲರಾಗಿ ನೇಮಕ ಆದ್ರು. ಯಾರ ಪ್ರಾಮಾಣಿಕತೆ ಬಗ್ಗೆನೂ ನಾನು ಮಾತಾಡ್ತಿಲ್ಲ, ಬಾಗಿಲು ತೆರೆದಿದೆ ಅಂತ ಗೊತ್ತಿದ್ದಾಗ ತೀರ್ಪು ಓದೋ ಜನಕ್ಕೆ ಅನುಮಾನ ಬರುತ್ತಲ್ಲ, ಶಾ ತಡೀಬೇಕು ಅಂದಿದ್ದು ಅದನ್ನ.

ಮಂತ್ರಿಗಳ ಆಸ್ತಿ ವಿಷಯಾನೂ ಹಾಗೇ. ಮಂತ್ರಿ ಆಗೋ ಮುಂಚೆ ತನ್ನ ಆಸ್ತಿ, ಷೇರು, ವ್ಯವಹಾರ ಎಲ್ಲಾ ಘೋಷಣೆ ಮಾಡ್ಬೇಕು ಅಂತ 1948ರ ಡಿಸೆಂಬರ್ ಕೊನೇಲಿ ಕೇಳಿದ್ರು. ಅಂಬೇಡ್ಕರ್ ಉದ್ದೇಶ ಒಳ್ಳೇದು ಅಂತ ಒಪ್ಕೊಂಡು, ಆದ್ರೆ ಬರೋವಾಗ ಹೇಳಿದ್ರೆ ಸಾಲ್ದು, ಹೋಗೋವಾಗಲೂ ಹೇಳ್ಬೇಕು, ನಡುವೆ ಬೆಳೆದಿದ್ರೆ ಹೇಗೆ ಬೆಳೀತು ಅಂತ ವಿವರಣೆ ಕೊಡ್ಬೇಕು, ಕೊಡದಿದ್ರೆ ಶಿಕ್ಷೆ ಇರ್ಬೇಕು, ಇದೆಲ್ಲಾ ಇಲ್ದೆ ಬರೀ ಘೋಷಣೆಯಿಂದ ಪ್ರಯೋಜನ ಇಲ್ಲ ಅಂದ್ರು. ತಿದ್ದುಪಡಿ ಬಿತ್ತು. ನಮ್ಮ ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರ 22ನೇ ಸೆಕ್ಷನ್ ಪ್ರಕಾರ ಎಂಎಲ್‌ಎಗಳು, ಮಂತ್ರಿಗಳು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡ್ಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿಗಳೇ ಅಫಿಡವಿಟ್ ಕೊಡ್ಬೇಕು ಅಂತು. ಅಂಬೇಡ್ಕರ್ ಹೇಳಿದ ಆ 'ವಿವರಣೆ ಕೊಡ್ಬೇಕು' ಅನ್ನೋ ಭಾಗ ಇದೆಯಲ್ಲ, ಅದೇ ಇವತ್ತಿಗೂ ಸಡಿಲ.

ಇನ್ನು ನೆಲದ ವಿಷಯ. 1948ರ ನವೆಂಬರ್ 22ಕ್ಕೆ, ದೇಶದ ಸಂಪನ್ಮೂಲ ಎಲ್ಲರ ಹಿತಕ್ಕೆ ಹಂಚಿಕೆ ಆಗ್ಬೇಕು ಅನ್ನೋ ಈಗಿನ 39ನೇ ವಿಧಿ ಚರ್ಚೆಗೆ ಬಂದಾಗ, ಗಣಿ, ಖನಿಜ, ಕಾಡು, ನದಿ, ಹರಿಯೋ ನೀರು, ಕರಾವಳಿ ಸಮುದ್ರ ಇವೆಲ್ಲದರ ಮಾಲೀಕತ್ವ ಒಟ್ಟು ದೇಶದ್ದು, ಸಮುದಾಯದ ಪರವಾಗಿ ಸರ್ಕಾರನೋ ಸ್ಥಳೀಯ ಸಂಸ್ಥೆನೋ ಅದನ್ನ ನೋಡ್ಕೋಬೇಕು ಅಂತ ಶಾ ಒಂದೊಂದನ್ನೂ ಹೆಸರಿಟ್ಟು ಬರೆದ್ರು. ಕರಡಲ್ಲಿ ಇದ್ದಿದ್ದು 'ಸಮುದಾಯದ ಭೌತಿಕ ಸಂಪನ್ಮೂಲ' ಅಂತ ಅಷ್ಟೇ. ನಮ್ಮ ಪದ ಇನ್ನೂ ವಿಶಾಲ, ಶಾ ಹೇಳಿದ್ದೆಲ್ಲಾ ಅದರೊಳಗೇ ಬರುತ್ತೆ ಅಂತ ಅಂಬೇಡ್ಕರ್ ಉತ್ತರ. ಆ ವಿಶಾಲವಾದ ಪದದ ಅರ್ಥ ಏನು ಅಂತ ಆಮೇಲೆ ದಶಕಗಟ್ಲೆ ಜಗಳ ನಡೀತು, ಅದರಲ್ಲೊಂದು ನಮ್ಮದೇ ಕೇಸು, ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನ ಕರ್ನಾಟಕ ಸರ್ಕಾರ ವಹಿಸ್ಕೊಂಡಿದ್ದಕ್ಕೆ ಹುಟ್ಟಿದ 1977ರ ರಂಗನಾಥ ರೆಡ್ಡಿ ಕೇಸು. ಸುಪ್ರೀಂ ಕೋರ್ಟ್ ಜಡ್ಜ್ ಕೃಷ್ಣ ಅಯ್ಯರ್ ಆ ಪದದೊಳಗೆ ಖಾಸಗಿ ಆಸ್ತಿನೂ ಸೇರುತ್ತೆ ಅಂತ ಅದರಲ್ಲಿ ಬರೆದ್ರು, 2024ರ ನವೆಂಬರ್ 5ಕ್ಕೆ ಒಂಬತ್ತು ಜಡ್ಜ್‌ಗಳ ಪೀಠ ಎಲ್ಲಾ ಖಾಸಗಿ ಆಸ್ತಿನೂ ಹಾಗಲ್ಲ ಅಂತ ಬಹುಮತದಲ್ಲಿ ಹೇಳ್ತು. ಶಾ ಕೊಟ್ಟ ಪಟ್ಟಿನೇ ಕಲಂ ಒಳಗೆ ಇದ್ದಿದ್ರೆ ಕಮ್ಮಿ ಪಕ್ಷ ಗಣಿ, ಕಾಡು, ನದಿ ಬಗ್ಗೆ ಯಾರಿಗೂ ಸಂಶಯ ಇರ್ತಿರ್ಲಿಲ್ಲ. 2011ರ ಲೋಕಾಯುಕ್ತ ವರದೀಲಿ ಬಳ್ಳಾರಿ ಅದಿರು ಹೇಗೆ ಹೋಯ್ತು ಅಂತ ಓದಿದವರಿಗೆ ಈ ಮಾತು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳ್ಬೇಕಿಲ್ಲ. ಗಣಿ ಗುತ್ತಿಗೆ ಹರಾಜಲ್ಲೇ ಕೊಡ್ಬೇಕು ಅಂತ ಕಾನೂನು ಬಂದಿದ್ದು 2015ಕ್ಕೆ.

ಎಕ್ಸಾಮಿಗೆ ಬರೆಯೋದಾದ್ರೆ 'ತಿರಸ್ಕೃತ' ಅಂತ ನಿಲ್ಲಿಸ್ಬೇಡಿ, ಯಾವ ತಿದ್ದುಪಡಿಗೆ ಅಂಬೇಡ್ಕರ್ ಏನು ಕಾರಣ ಕೊಟ್ರು, ಆ ಕಾರಣ ಈಗಲೂ ನಿಲ್ಲುತ್ತಾ ಅಂತ ಒಂದೆರಡು ಉದಾಹರಣೆ ಹಾಕಿ. ಚರ್ಚೆಗಳ ಪೂರ್ತಿ ದಾಖಲೆ ಇಂಗ್ಲಿಷಲ್ಲಿ ಲೋಕಸಭೆ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಮಂತ್ರಿಗಳ ಆಸ್ತಿ ಮತ್ತೆ ಗಣಿ ಚರ್ಚೆ 7ನೇ ಸಂಪುಟದಲ್ಲಿ, ಜಡ್ಜ್‌ಗಳದ್ದು 8ರಲ್ಲಿ. ಮೊದ್ಲು ಮೇ 24ರದ್ದು ಓದಿ.