ಒಂದು ಕ್ಯೂ ತಿದ್ದಿದರೆ ಮುಂದಿನವೂ ಬದಲಾಗುವುದೇಕೆ?

ಪ್ರಶ್ನೆ: ಇಷ್ಟು ವರ್ಷ ಕೈಯಿಂದ ನಡೆಸುವ ಡಿಮ್ಮರ್ ಬೋರ್ಡಿನಲ್ಲಿ ನಾಟಕಗಳಿಗೆ ಬೆಳಕು ಮಾಡುತ್ತಿದ್ದೆ. ಈಗ ನಾವು ಪ್ರದರ್ಶನ ನೀಡುವ ರಂಗಮಂದಿರದಲ್ಲಿ ಇಯೋಸ್ ಎಂಬ ಗಣಕೀಕೃತ ಬೆಳಕು ನಿಯಂತ್ರಣ ಕನ್ಸೋಲ್ ಇದೆ. ತಾಲೀಮಿನಲ್ಲಿ 5ನೇ ಕ್ಯೂನ (ಉಳಿಸಿಟ್ಟ ಬೆಳಕಿನ ಜೋಡಣೆಯ) ನೀಲಿ ದೀಪವನ್ನು ಸ್ವಲ್ಪ ಏರಿಸಿ ಉಳಿಸಿದರೆ, ನಾನು ಮುಟ್ಟದಿದ್ದ ಮುಂದಿನ ದೃಶ್ಯದಲ್ಲೂ ಅದು ಏರಿಬಿಟ್ಟಿತು. ಏಕೆ? ಸೂರ್ಯೋದಯದ ಮೂರು ಕ್ಯೂಗಳು ತಾವಾಗಿಯೇ ಒಂದರ ಹಿಂದೊಂದು ಬರುವಂತೆ ಮಾಡುವುದು ಹೇಗೆ?
– ಹವ್ಯಾಸಿ ತಂಡದ ಬೆಳಕು ನಿರ್ವಾಹಕ, ಶಿವಮೊಗ್ಗ

ಉತ್ತರ: ಇಯೋಸ್ ಟ್ರ್ಯಾಕಿಂಗ್ ಕ್ರಮದಲ್ಲಿ ಕೆಲಸ ಮಾಡುವ ಕನ್ಸೋಲ್. ಎರಡು ಸೀನಿನ ಹಳೆಯ ಬೋರ್ಡಿನಲ್ಲಿ ಪ್ರತಿ ಬದಲಾವಣೆಗೂ ಎಲ್ಲ ಫೇಡರುಗಳನ್ನು (ದೀಪದ ಮಟ್ಟ ಏರಿಸಿ ಇಳಿಸುವ ಜಾರುಗುಂಡಿಗಳನ್ನು) ಹೊಸದಾಗಿ ಜೋಡಿಸಿಕೊಳ್ಳಬೇಕಿತ್ತು; ಇಲ್ಲಿ ಕ್ಯೂನಲ್ಲಿ ದಾಖಲಾಗುವುದು ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದಷ್ಟೇ. ನೀಲಿ ದೀಪದ ಚಾನೆಲ್‌ಗೆ 5ನೇ ಕ್ಯೂನಲ್ಲಿ ಶೇಕಡಾ 40 ಕೊಟ್ಟು, 6, 7, 8ರಲ್ಲಿ ಅದನ್ನು ಮುಟ್ಟದೆ, 9ರಲ್ಲಿ ಸೊನ್ನೆಗೆ ಇಳಿಸಿದ್ದರೆ, ಆ 40 ಎಂಬ ಮಟ್ಟ 8ರವರೆಗೂ ಹರಿದು ಬರುತ್ತದೆ. 5ರಲ್ಲಿ ಅದನ್ನು 60 ಮಾಡಿದರೆ 8ರವರೆಗೂ 60 ಆಗುತ್ತದೆ. ಪರದೆಯನ್ನು ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ಏರಿದ ಮಟ್ಟ ನೀಲಿ ಅಂಕಿಯಲ್ಲೂ, ಇಳಿದದ್ದು ಹಸಿರಿನಲ್ಲೂ, ಹಿಂದಿನಿಂದ ಹರಿದು ಬಂದದ್ದು ಮಜೆಂಟಾದಲ್ಲೂ ಇರುತ್ತದೆ.

ಪರಿಹಾರವೆಂದರೆ ಹೊಸ ದೃಶ್ಯದ ಮೊದಲ ಕ್ಯೂಗೆ ಬ್ಲಾಕ್ ಹಾಕುವುದು. ಆಗ ಹಿಂದಿನ ತಿದ್ದುಪಡಿಗಳು ಅದನ್ನು ದಾಟಿ ಹೋಗುವುದಿಲ್ಲ. ಆದರೆ ಈಗಾಗಲೇ ಏರಿರುವ ಮಟ್ಟವನ್ನು ಮೊದಲು ಸರಿಪಡಿಸಿ ಆಮೇಲೆ ಬ್ಲಾಕ್ ಮಾಡಿ. ಇಲ್ಲದಿದ್ದರೆ ತಪ್ಪು ಮಟ್ಟವೇ ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ರಂಗ ಪೂರ್ಣ ಕತ್ತಲಾಗುವ ಕ್ಯೂಗಳಿಗೂ ಬ್ಲಾಕ್ ಇರಲಿ, ಏಕೆಂದರೆ ಕೊನೆಯ ತಾಲೀಮಿನಲ್ಲಿ ಸೇರಿಸಿದ ದೀಪವೊಂದು ಕತ್ತಲಿನಲ್ಲೂ ಉರಿಯುತ್ತ ಉಳಿಯುವುದು ಸಾಮಾನ್ಯ. ಒಂದೇ ಕ್ಷಣಕ್ಕೆ ಬೇಕಾದ ಬದಲಾವಣೆಯಾದರೆ ಕ್ಯೂ ಓನ್ಲಿ ಆಯ್ಕೆಯೊಂದಿಗೆ ಅಪ್‌ಡೇಟ್ ಮಾಡಿದರೆ ಸಾಕು, ಮುಂದಿನ ಕ್ಯೂ ತನ್ನ ಹಳೆಯ ಮಟ್ಟವನ್ನೇ ಉಳಿಸಿಕೊಳ್ಳುತ್ತದೆ. ಹೆದರಿಕೆಯಿಂದ ಪ್ರತಿಯೊಂದು ಕ್ಯೂಗೂ ಬ್ಲಾಕ್ ಹಾಕುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಪ್ರದರ್ಶನದ ಹಿಂದಿನ ರಾತ್ರಿ ನಿರ್ದೇಶಕರು ಇಡೀ ದೃಶ್ಯಕ್ಕೆ ಇನ್ನಷ್ಟು ಕತ್ತಲೆ ಬೇಕೆಂದಾಗ (ಹಾಗೆನ್ನದ ನಿರ್ದೇಶಕರು ವಿರಳ) ಒಂದೇ ಕಡೆ ತಿದ್ದಿ ಮುಗಿಸುವ ಅನುಕೂಲವನ್ನು ಹಾಗೆ ಬ್ಲಾಕ್ ಹಾಕಿದವರು ಕಳೆದುಕೊಂಡಿರುತ್ತಾರೆ.

ಸೂರ್ಯೋದಯಕ್ಕೆ, ಅಂದರೆ ಮುಂದಿನ ಕ್ಯೂ ತಾನಾಗಿಯೇ ಶುರುವಾಗುವಂತೆ ಮಾಡಲು, ಫಾಲೋ ಮತ್ತು ಹ್ಯಾಂಗ್ ಎಂಬ ಎರಡು ದಾರಿಗಳಿವೆ. ಫಾಲೋ ಸಮಯ ಕ್ಯೂ ಆರಂಭವಾದ ಕ್ಷಣದಿಂದ ಎಣಿಕೆಯಾದರೆ, ಹ್ಯಾಂಗ್ ಸಮಯ ಅದು ಪೂರ್ಣಗೊಂಡ ಮೇಲೆ ಎಣಿಕೆಯಾಗುತ್ತದೆ. 21ನೇ ಕ್ಯೂ 60 ಸೆಕೆಂಡಿನದಾಗಿದ್ದು ಫಾಲೋ 40 ಇದ್ದರೆ, ಅದು ಇನ್ನೂ ಏರುತ್ತಿರುವಾಗಲೇ 22 ಶುರುವಾಗುತ್ತದೆ; ಹ್ಯಾಂಗ್ 5 ಇದ್ದರೆ 22 ಬರುವುದು 65ನೇ ಸೆಕೆಂಡಿಗೆ. ಬೆಳಗಿಗೆ ಫಾಲೋ ಒಳ್ಳೆಯದು: 22ರಲ್ಲಿ ಹೊಸ ಮಟ್ಟ ಪಡೆಯದ ದೀಪಗಳು ತಮ್ಮ 60 ಸೆಕೆಂಡಿನ ಏರಿಕೆಯನ್ನು ಮುಂದುವರಿಸುವುದರಿಂದ ಬೆಳಕು ನಡುವೆ ನಿಂತಂತೆ ಕಾಣುವುದಿಲ್ಲ. ನಟರ ಮಾತಿಗೆ ಹೊಂದಿಕೊಳ್ಳಬೇಕಾದ ಕ್ಯೂವನ್ನು ಮಾತ್ರ ಈ ಸರಪಳಿಗೆ ಸೇರಿಸದೆ ನೀವೇ ಒತ್ತುವ ಗೋ ಗುಂಡಿಗೇ ಬಿಡಿ. ಮುಂದೆ ನಡುವೆ 21.5 ಎಂದು ಹೊಸ ಕ್ಯೂ ಸೇರಿಸಿದರೆ 21ರ ಫಾಲೋ 22ಕ್ಕೆ ಬದಲಾಗಿ ಅದನ್ನು ಚಾಲೂ ಮಾಡುತ್ತದೆ, ಆದ್ದರಿಂದ 21.5ಕ್ಕೂ ಫಾಲೋ ಕೊಟ್ಟು ಸಮಯಗಳನ್ನು ಮತ್ತೊಮ್ಮೆ ಲೆಕ್ಕ ಹಾಕಬೇಕು.