ದೂರದ ನೆಂಟರು, ದೂರದ ದೇಶ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ. ಸೋದರತ್ತೆಯ ನಾದಿನಿಯ ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಮದುವೆಮನೆಗಳಲ್ಲಿ ಮಾತಾಡಿಸಿದ್ದು ಬಿಟ್ಟರೆ ಒಡನಾಟವಿಲ್ಲ. ಏಪ್ರಿಲ್‌ನಲ್ಲಿ ನಾವು ಗಂಡ ಹೆಂಡತಿ 18 ದಿನ ಯುರೋಪಿಗೆ ಹೊರಟಿದ್ದೇವೆ. ಅವಳ ಮನೆಯಲ್ಲಿ ಎಷ್ಟು ದಿನ ಉಳಿಯಬಹುದು? ವೀಸಾಕ್ಕೆ ಅವಳಿಂದ ಏನು ಕೇಳಬೇಕು?
(ಓದುಗರು, ಸಾಗರ)

ಉತ್ತರ: ಮೂರು ರಾತ್ರಿ ಸಾಕು. ಶುಕ್ರವಾರ ಸಂಜೆ ತಲುಪಿ ಸೋಮವಾರ ಬೆಳಿಗ್ಗೆ ಹೊರಟರೆ ಅವರಿಗೆ ರಜೆ ಹಾಕುವ ಪ್ರಮೇಯ ಬರುವುದಿಲ್ಲ. ನಮ್ಮ ಜಗಲಿಯಲ್ಲಿ ಹತ್ತು ಜನಕ್ಕೆ ಚಾಪೆ ಹಾಸಬಹುದು. ಅಲ್ಲಿ ಬಾಡಿಗೆ ಮನೆಯಾದರೆ ನಿಮಗೆ ಸಿಗುವುದು ಹಾಲ್‌ನ ಸೋಫಾ ಆಗಿರಬಹುದು. ನೀವು ಮಲಗಿದ ಮೇಲೆ ಮನೆಯವರು ದೀಪ ಹಾಕಲೂ ಹಿಂಜರಿಯುತ್ತಾರೆ. ಅಡುಗೆ, ಪಾತ್ರೆ, ಬಟ್ಟೆ ಎಲ್ಲಕ್ಕೂ ಅವರದೇ ಕೈ.

ಸೋದರತ್ತೆಯಿಂದ ಹೇಳಿಸಬೇಡಿ. ಹಿರಿಯರ ಬಾಯಿಂದ ಮಾತು ಹೋದರೆ ಆ ಹುಡುಗಿಗೆ 'ಆಗುವುದಿಲ್ಲ' ಎನ್ನಲು ದಾರಿಯೇ ಉಳಿಯುವುದಿಲ್ಲ. ನೀವೇ ಎರಡು ತಿಂಗಳು ಮೊದಲು ಬರೆಯಿರಿ: ಬರುವ ದಿನ, ಹೊರಡುವ ದಿನ, ಇಬ್ಬರು, ಊಟದಲ್ಲಿ ಏನು ಆಗದು. ಕೊನೆಗೆ ಈ ಸಾಲು ಇರಲೇಬೇಕು: 'ಅನುಕೂಲವಿಲ್ಲದಿದ್ದರೆ ಹೋಟೆಲ್ ನೋಡಿಕೊಂಡಿದ್ದೇವೆ, ಒಂದು ಸಂಜೆ ಬಂದು ಮಾತಾಡಿಸಿ ಹೋಗುತ್ತೇವೆ.'

ವೀಸಾದ ವಿಷಯದಲ್ಲಿ ಹಲವರು ತಿಳಿಯದೆ ನೆಂಟರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಾರೆ. ಜರ್ಮನಿಯಲ್ಲಿ 'ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್' ಎಂಬ ಹೊಣೆಗಾರಿಕೆ ಪತ್ರವಿದೆ. ಕರೆಸುವವರು ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ, ಸಂಬಳದ ಚೀಟಿ ತೋರಿಸಿ, ಶುಲ್ಕ ಕಟ್ಟಿ ಇದನ್ನು ಮಾಡಿಸಬೇಕು. ಸಹಿ ಹಾಕಿದರೆ ನಿಮ್ಮ ಊಟ, ವಸತಿ ಮಾತ್ರವಲ್ಲ, ಆಸ್ಪತ್ರೆ ಖರ್ಚೂ ಅವರ ತಲೆಗೆ ಬರಬಹುದು. ಮಗನಾದರೆ ಸರಿ, ಇಷ್ಟು ದೂರದ ನೆಂಟರಿಂದ ಇದನ್ನು ಕೇಳಬಾರದು. ನಿಮ್ಮ ಖರ್ಚು ನಿಮ್ಮದೇ ಎಂದು ಅರ್ಜಿಯಲ್ಲಿ ತೋರಿಸಿ. ಅವಳಿಂದ ಬೇಕಾದದ್ದು ಒಂದು ಪುಟದ ಆಹ್ವಾನ ಪತ್ರ (ವಿಳಾಸ, ನೆಂಟಸ್ತಿಕೆ, ಉಳಿಯುವ ದಿನಾಂಕ) ಮತ್ತು ಅವಳ ವಾಸದ ಪರವಾನಗಿಯ ಪ್ರತಿ ಮಾತ್ರ.

ಹಣದ ಪುರಾವೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಪಹಣಿ, ಮ್ಯಾಮ್ಕೋಸ್‌ನಲ್ಲಿ (ಅಡಿಕೆ ಮಾರಾಟದ ಸಹಕಾರ ಸಂಘ) ಅಡಿಕೆ ಮಾರಿದ ಬಿಲ್ಲುಗಳನ್ನೂ ಇಡಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್ ಒಂದನ್ನೇ ನೋಡಿದವರಿಗೆ ನಿಮ್ಮ ಗಳಿಕೆ ಕಾಣುವುದಿಲ್ಲ. ತೋಟವಿದೆ ಎಂಬುದು ನೀವು ಊರಿಗೆ ಮರಳುತ್ತೀರಿ ಎನ್ನುವುದಕ್ಕೂ ಸಾಕ್ಷಿ. ಅರ್ಜಿಯ ಹಿಂದಿನ ವಾರ ಕೈಸಾಲ ತಂದು ಖಾತೆಗೆ ತುಂಬಬೇಡಿ, ಅದು ಎದ್ದು ಕಾಣುತ್ತದೆ.

ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಮ್ಯೂನಿಕ್‌ನಲ್ಲಿ ಮೂರು ರಾತ್ರಿ, ಇಟಲಿಯಲ್ಲಿ ಒಂಬತ್ತು ಎಂದಾದರೆ ಇಟಲಿಗೆ. ಆಹ್ವಾನ ಪತ್ರದ ದಿನಾಂಕ, ಹೋಟೆಲ್ ಬುಕಿಂಗ್, ವಿಮಾನದ ಟಿಕೆಟ್ ಮೂರೂ ತಾಳೆಯಾಗಬೇಕು. ಒಂದು ರಾತ್ರಿ ಲೆಕ್ಕಕ್ಕೆ ಸಿಗದಿದ್ದರೂ ಪ್ರಶ್ನೆ ಏಳುತ್ತದೆ. ವಿಮೆ ಕನಿಷ್ಠ 30,000 ಯೂರೋದ್ದು, ಷೆಂಗೆನ್ ದೇಶಗಳಿಗೆಲ್ಲ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳು) ಅನ್ವಯಿಸುವಂಥದ್ದು. ಅರ್ಜಿಯನ್ನು ಪ್ರಯಾಣದ ಆರು ತಿಂಗಳು ಮೊದಲಿನಿಂದ ಹಾಕಬಹುದು. ಹೊರಡಲು 15 ದಿನಕ್ಕಿಂತ ಕಡಿಮೆ ಉಳಿದಾಗ ಹಾಕಿದರೆ ತಡವಾಯಿತು.

ಪ್ರಶ್ನೆ: ಜರ್ಮನಿಯ ನೆಂಟರಿಗೆ ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು, ವೀಳ್ಯದೆಲೆ ಒಯ್ಯಬಹುದೇ?
(ಓದುಗರು, ತೀರ್ಥಹಳ್ಳಿ)

ಉತ್ತರ: ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ. ಜಾನುವಾರು ರೋಗ ಒಳಬರಬಾರದೆಂಬ ಕಾರಣಕ್ಕೆ ಈ ನಿಯಮ, ಪೇಡೆಗೂ ಇದೇ. ವೀಳ್ಯದೆಲೆ, ಕರಿಬೇವು, ಹಸಿ ಮಾವಿನಮಿಡಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಬಿಟ್ಟುಬಿಡಿ. ಜೇನುತುಪ್ಪ ಒಬ್ಬರಿಗೆ 2 ಕೆಜಿವರೆಗೆ ಒಯ್ಯಬಹುದು. ಮಲೆನಾಡಿನಿಂದ ಅದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದೆ!

ಉಪ್ಪಿನಕಾಯಿ, ಹಲಸಿನ ಹಪ್ಪಳ, ತುಪ್ಪ ಸವರದ ತೊಡೆದೇವು ಒಯ್ಯಿರಿ. ಉಪ್ಪಿನಕಾಯಿ, ಜೇನು, ಜೋನಿಬೆಲ್ಲ ಚೆಕ್‌ಇನ್ ಸೂಟ್‌ಕೇಸಿನಲ್ಲೇ ಇರಲಿ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಮಿಡಿ ಉಪ್ಪಿನಕಾಯಿ ಉಕ್ಕುವುದು ಒಳಗೆ ಹುಳಿಯುವಿಕೆ ನಿಂತಿರದಿದ್ದರೆ. ಹಾಗಾಗಿ ಹೊಸದಾಗಿ ಹಾಕಿದ್ದನ್ನು ಬಿಟ್ಟು ಚೆನ್ನಾಗಿ ಮಾಗಿದ್ದನ್ನು ಆರಿಸಿ. ಪ್ಲಾಸ್ಟಿಕ್ ಡಬ್ಬಿಯ ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಳದ ಸುತ್ತ ಟೇಪ್ ಹಾಕಿ, ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ. ತೊಡೆದೇವಿಗೆ ಸ್ಟೀಲ್ ಡಬ್ಬಿಯೇ ಬೇಕು, ಇಲ್ಲವಾದರೆ ಪುಡಿ. ಇಡೀ ಒಣಕೊಬ್ಬರಿ ಬೇಡ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರುವ ವಸ್ತು ಎಂದು ವಿಮಾನಯಾನದಲ್ಲಿ ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಲಾಗಿದೆ.

ಪ್ರಶ್ನೆ: ಅಲ್ಲಿನ ಮನೆಯಲ್ಲಿ ನಾವು ಎಡವುವುದು ಎಲ್ಲಿ? ದುಡ್ಡು ಕೊಟ್ಟರೆ ಬೇಜಾರಾಗುತ್ತಾರಾ?
(ಓದುಗರು, ಹೊಸನಗರ)

ಉತ್ತರ: ಬಚ್ಚಲಿನಲ್ಲಿ. ಷವರ್ ಜಾಗದ ಹೊರಗೆ ನೀರು ಹೋಗುವ ತೂತು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮಲ್ಲಿಯಂತೆ ಚೆಂಬಿನಲ್ಲಿ ಸುರಿದುಕೊಂಡರೆ ನೀರು ಕೆಳಮನೆಯ ಚಾವಣಿಗೆ ಇಳಿಯಬಹುದು. ಪರದೆಯನ್ನು ತೊಟ್ಟಿಯ ಒಳಗೆ ಇಳಿಬಿಟ್ಟು ಸ್ನಾನ ಮಾಡಿ, ನೆಲ ಒರೆಸಿ ಬನ್ನಿ. ಒಣಮೆಣಸಿನ ಒಗ್ಗರಣೆಗೆ ಹೊಗೆ ಅಲಾರಂ ಕೂಗಬಹುದು, ಮೊದಲು ಕಿಟಕಿ ತೆರೆಯಿರಿ. ಕಸ ಯಾವ ಡಬ್ಬಿಗೆ ಎಂದು ಮೊದಲ ದಿನವೇ ಕೇಳಿ. ರಾತ್ರಿ ಹತ್ತರ ನಂತರ ಸದ್ದು ಬೇಡ, ಊರಿಗೆ ವಿಡಿಯೋ ಕಾಲ್ ಮಾಡುವುದಿದ್ದರೆ ಅದಕ್ಕೆ ಮುಂಚೆಯೇ ಮುಗಿಸಿ.

ದುಡ್ಡು ಕೈಗೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಅದರ ಬದಲು ಶನಿವಾರ ಅವರ ಜೊತೆ ಅಂಗಡಿಗೆ ಹೋಗಿ ವಾರದ ದಿನಸಿಯ ಬಿಲ್ಲು ನೀವೇ ಕಟ್ಟಿ. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ.